ಗೋಡೆಗೆ ಹೇಳಿದ ಮಾತು

ಗಿರಾಕಿಯ ಎದುರಿಗೇ ದೊಡ್ಡವಳು "ಈ ಕಾಲರ್ ಸೊಟ್ಟಗಿದೆ" ಎಂದುಬಿಟ್ಟಳು. ಹೊಲಿದ ಚಿಕ್ಕವಳಿಗೋ ಕೋಪ ಮೊದಲೇ ಮೂಗಿನ ತುದಿಯಲ್ಲಿ. ಇಬ್ಬರೂ ಓರಗಿತ್ತಿಯರು, ಒಂದೇ ಮನೆ, ಒಂದೇ ಹೊಲಿಗೆ ಅಂಗಡಿ. ಅಂದಿನಿಂದ ಮಾತು ಬಂದ್. ಆದರೆ ಅಂಗಡಿ ನಡೆಯಬೇಕಲ್ಲ! ಹೇಳುವುದನ್ನೆಲ್ಲ ಗೋಡೆಗೆ ಹೇಳತೊಡಗಿದರು.

"ಕತ್ತರಿ ಎಲ್ಲಿಟ್ಟಿದ್ದಾರೋ ಪುಣ್ಯಾತ್ಮರು," ಎನ್ನುವಳು ದೊಡ್ಡವಳು, ಗೋಡೆಗೆ.

"ಕಣ್ಣಿದ್ದೋರಿಗೆ ಮೇಜಿನ ಮೇಲೇ ಕಾಣುತ್ತೆ," ಎನ್ನುವಳು ಚಿಕ್ಕವಳು, ಅದೇ ಗೋಡೆಗೆ.

ಗೋಡೆಗೂ ಕಿವಿ ಇರುತ್ತದಂತೆ. ಈ ಬಡಪಾಯಿ ಗೋಡೆಗೆ ಕಿವುಡು ಬರುವುದೊಂದೇ ಬಾಕಿ.

ಎಷ್ಟು ದಿನ ಹೀಗೆ? ಚಿಕ್ಕವಳು ತನ್ನ ಮೆಷಿನ್ ಎತ್ತಿಕೊಂಡು ಬೇರೆ ಅಂಗಡಿಗೆ ಹೋಗುವುದೆಂದು ತೀರ್ಮಾನಿಸಿದಳು. ಸಂಜೆ ಗಾಡಿಯವನು ಬರುವವನಿದ್ದ. ತೀರ್ಮಾನವೇನೋ ಗಟ್ಟಿ, ಮೆಷಿನ್ ಮಾತ್ರ ಇನ್ನೂ ಕಟ್ಟಿರಲಿಲ್ಲ.

ಮಧ್ಯಾಹ್ನ ಇಂಗ್ಲಿಷ್ ಮೇಷ್ಟ್ರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದರು. ಅಳತೆಯೂ ಗೋಡೆಯ ಮೂಲಕವೇ ದಾಟುವುದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ.

"ಒಳ್ಳೆ ಕಾನ್ವರ್ಸೇಷನ್ ಕಣ್ರಮ್ಮ ನಿಮ್ಮದು!"

"ಎಲ್ಲಿಯ ಕಾನ್ವರ್ಸೇಷನ್ ಮೇಷ್ಟ್ರೇ? ನಾವು ಮಾತೇ ಆಡಲ್ಲ," ಎಂದಳು ಚಿಕ್ಕವಳು.

"ಆ ಪದಕ್ಕೆ ಮೊದಲು ಮಾತು ಅನ್ನೋ ಅರ್ಥಾನೇ ಇರಲಿಲ್ಲ. ಲ್ಯಾಟಿನ್‌ನಿಂದ ಬಂದಿದ್ದು. ಜೊತೇಲಿ ಬಾಳೋದು, ಒಟ್ಟಿಗೆ ಓಡಾಡೋದು ಅಂತಿತ್ತು. ಮಾತುಕತೆ ಆಮೇಲೆ ಅಂಟಿಕೊಂಡಿದ್ದು." ಹೊಟ್ಟೆ ಒಳಗೆಳೆದುಕೊಂಡು, "ಎರಡಿಂಚು ಬಿಟ್ರೆ ಸಾಕು," ಎಂದರು.

"ಮೂರು," ಎಂದರು ಓರಗಿತ್ತಿಯರಿಬ್ಬರೂ ಒಟ್ಟಿಗೆ, ಗೋಡೆಗೆ.

ಮೇಷ್ಟ್ರು ಹೋದ ಮೇಲೂ ಅವರ ಮಾತು ಚಿಕ್ಕವಳ ತಲೆಯಿಂದ ಹೋಗಲಿಲ್ಲ. ದೊಡ್ಡವಳಿಗೆ ಹತ್ತಿರದ್ದು ಸರಿಯಾಗಿ ಕಾಣದು. ಮುನಿಸಿನಲ್ಲೂ ದಿನಾ ಬೆಳಿಗ್ಗೆ ಅವಳ ಸೂಜಿಗಳಿಗೆ ದಾರ ಪೋಣಿಸಿಟ್ಟವಳು ತಾನೇ. ತನ್ನ ಕುರ್ಚಿಯ ಗಿಡ್ಡ ಕಾಲಿನಡಿ ಚಿಂದಿ ಮಡಿಸಿಟ್ಟವರು ಯಾರು? ಗೋಡೆಯಂತೂ ಅಲ್ಲ.

ಸಂಜೆ ಗಾಡಿಯವನು ಬಾಗಿಲಲ್ಲಿ ನಿಂತ. "ಯಾವ ಮೆಷಿನ್ ಅಮ್ಮಾ?"

ದೊಡ್ಡವಳ ಮುಖ ಬಿಳಿಚಿಕೊಂಡಿತು. ಗೋಡೆಯತ್ತ ತಿರುಗಿ, "ನಾಳೆಯಿಂದ ಸೂಜಿಗೆ ದಾರ ಯಾರು ಹಾಕ್ತಾರೋ," ಎಂದಳು.

ಚಿಕ್ಕವಳಿಗೆ ದುಃಖ ಉಕ್ಕಿ ಬಂತು. "ಗೋಡೆನ ಯಾಕೆ ಕೇಳ್ತೀರಿ ಅಕ್ಕ? ನಾನಿಲ್ವಾ?"

ಗಾಡಿಯವನಿಗೆ ಟೀ ಕುಡಿಸಿ ಕಳಿಸಿದರು.

"ಆದ್ರೂ ಆ ಕಾಲರ್ ಸೊಟ್ಟಗೇ ಇತ್ತು ಕಣೇ," ಎಂದಳು ದೊಡ್ಡವಳು, ಈ ಸಲ ಮುಖ ನೋಡಿಯೇ.

"ಬಟ್ಟೆ ಕತ್ತರಿಸಿದ್ದು ಯಾರು? ನೀವೇ ತಾನೆ!"

ಜಗಳ ಬೀದಿಗೆ ಕೇಳಿಸುವಷ್ಟು ಜೋರಾಯಿತು. ಗೋಡೆಗೆ ಅಂದಿನಿಂದ ರಜೆ.