ಮಾಸ್ತರರು ಬರೆದ ಹುಟ್ಟಿದ ದಿನ

ಒಂದು ದೇಶದ ರಾಷ್ಟ್ರೀಯ ಕ್ರೀಡಾಂಗಣ ಹೇಗಿರಬೇಕು ಎಂಬುದರ ಬಗ್ಗೆ ಚನ್ನಮಲ್ಲಪ್ಪ ಮಾಸ್ತರರಿಗೆ ಗಟ್ಟಿ ಅಭಿಪ್ರಾಯವಿತ್ತು. ಅವರಿಗೆ ಯಾವುದರ ಬಗ್ಗೆ ಗಟ್ಟಿ ಅಭಿಪ್ರಾಯ ಇರಲಿಲ್ಲ ಎಂದು ಕೇಳಿದರೆ ಹೇಳುವುದು ಕಷ್ಟ. ಹೂಫ್‌ಡಾರ್ಪಿನಲ್ಲಿ ಮಗನ ಮನೆಯ ಹತ್ತಿರ ಬಸ್ಸು ಹತ್ತಿ, ಆಮ್‌ಸ್ಟರ್‌ಡ್ಯಾಮಿನ ಅಂಚಿನಲ್ಲಿ ಇಳಿದು, ಕಾಲುವೆಯ ಪಕ್ಕದ ಸೈಕಲ್ ದಾರಿಯಲ್ಲಿ ಕಾಲೆಳೆದುಕೊಂಡು ಬಂದ ಮೇಲೆ ಮೊಮ್ಮಗಳು ಶೀತಲ್ ಕೈಚಾಚಿ ತೋರಿಸಿದ್ದು ಒಂದೇ ಒಂದು ಚಾವಣಿಯ ಗ್ಯಾಲರಿ, ಅದರೆದುರು ಹಸಿರು ಮೈದಾನ, ಎರಡು ತುದಿಗೆ ಎತ್ತರದ ಬಿಳಿ ಕಂಬಗಳು.

"ಇದ ಏನು? ನಮ್ಮ ಗದಗಿನ ಸ್ಟೇಡಿಯಂ ಇದಕಿಂತ ದೊಡ್ಡದೈತಲ್ಲ," ಎಂದರು ಮಾಸ್ತರರು.

"ಅಜ್ಜಾ, ಇಲ್ಲಿ ಮಂದಿ ಫುಟ್‌ಬಾಲಿಗೆ ಹೋಗ್ತಾರ್ರಿ. ರಗ್ಬಿಗೆ ಬರೋರು ಕಡಿಮಿ. ಆದ್ರ ದೇಶದ ಮ್ಯಾಚು ಆಗೂದು ಇಲ್ಲೇ. ಇಲ್ಲಿ ಆಡಿದವರೆಲ್ಲಾ ಇದನ್ನ ಗುಡಿ ಇದ್ದಂಗ ನೋಡ್ತಾರ."

ಗುಡಿ ಎಂಬ ಮಾತಿಗೆ ಮೂಗು ಮುರಿದರೂ ಮಾಸ್ತರರು ಅವಳ ಹಿಂದೆ ನಡೆದರು. ಹುಡುಗಿ ಬೆಳಗಿನಿಂದ ಊಟ ಬಿಟ್ಟಿದ್ದಳು ಎಂಬುದು ಅವರಿಗೆ ಗೊತ್ತಿತ್ತು. ಅವರು ಬಂದದ್ದು ಮೈದಾನ ನೋಡಲಿಕ್ಕಲ್ಲ. ನಾಲ್ಕು ಗಂಟೆಗೆ ಇಲ್ಲಿಯ ರಗ್ಬಿ ಸಂಸ್ಥೆಯ ಕಚೇರಿಯಲ್ಲಿ ಕೂತು, ಒಂದು ಮಾತು ಹೇಳಿ, ಒಂದು ಸಹಿ ಹಾಕಲಿಕ್ಕೆ. ಮೈದಾನ ತೋರಿಸುವುದು ಶೀತಲಳ ಹಟ. ಒಂದು ತಾಸು ಮುಂಚೆಯೇ ಹೊರಡಿಸಿಕೊಂಡು ಬಂದಿದ್ದಳು.

ಆ ಒಂದು ಮಾತಿನ ಹಿಂದೆ ಹದಿಮೂರು ವರ್ಷದ ಕತೆಯಿದೆ. ಶೀತಲ್ ಹುಟ್ಟಿದ್ದು ಎರಡು ಸಾವಿರದ ಏಳರ ಜನವರಿ ಹದಿನೆಂಟಕ್ಕೆ, ಗದಗಿನ ಆಸ್ಪತ್ರೆಯಲ್ಲಿ. ಅಪ್ಪ ವಿರೂಪಾಕ್ಷ ಕೆಲಸ ಹುಡುಕಿಕೊಂಡು ಮೊದಲು ಪುಣೆಗೆ, ಆಮೇಲೆ ಈ ದೇಶಕ್ಕೆ ಬಂದ. ಹೆಂಡತಿ ಸೌಜನ್ಯಾ, ಮಗಳು ಇಬ್ಬರೂ ನಾಲ್ಕಾರು ವರ್ಷ ಮಾಸ್ತರರ ಮನೆಯಲ್ಲೇ ಇದ್ದರು. ಹುಡುಗಿಗೆ ಐದು ತುಂಬಿ ನಾಲ್ಕು ತಿಂಗಳಾದಾಗ ಮಾಸ್ತರರು ಅವಳನ್ನು ತಮ್ಮ ಶಾಲೆಯ ದಾಖಲಾತಿ ಪುಸ್ತಕದ ಮುಂದೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎಂದರು. ಹುಡುಗಿ ಎತ್ತರ, ಸಲೀಸಾಗಿ ಮುಟ್ಟಿದಳು. ಮುಟ್ಟಿದರೆ ಆರು ವರ್ಷ, ಅದು ಅಪ್ಪ ಅಜ್ಜಂದಿರ ಕಾಲದ ಲೆಕ್ಕ. ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದು, ಹುಟ್ಟಿದ ದಿನಾಂಕ ಜೂನ್ ಒಂದು, ಎರಡು ಸಾವಿರದ ಆರು ಎಂದು ದುಂಡಗೆ ಬರೆದರು. ಹುಡುಗಿಗೆ ಒಂದು ವರ್ಷ ಉಳಿಯಿತು ಎಂದು ಮನೆಯಲ್ಲಿ ಹೋಳಿಗೆ ಮಾಡಿಸಿದರು.

ಅದನ್ನು ತಪ್ಪು ಅನ್ನಬೇಕಾದರೆ ಊರಿಗೆ ಊರನ್ನೇ ಅನ್ನಬೇಕಾಗುತ್ತದೆ. ಮಾಸ್ತರರ ಊರಿನಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಸ್ವತಃ ಮಾಸ್ತರರೂ ಜೂನ್ ಒಂದರವರೇ. ತಾವು ಎಂದು ಹುಟ್ಟಿದ್ದೆಂದು ಅವರ ತಾಯಿಗೆ ನೆನಪಿದ್ದದ್ದು ಇಷ್ಟೇ, ಆ ಸಲ ಕಡಲೆ ಕೀಳುತ್ತಿದ್ದರು. ಶೀತಲಳ ಪಾಸ್‌ಪೋರ್ಟ್ ಮಾಡಿಸುವಾಗ ಶಾಲೆಯ ದಾಖಲೆ ಕೊಟ್ಟರು, ಮಾಸ್ತರರ ತಾರೀಖು ಅದರಲ್ಲೂ ಹೋಗಿ ಕೂತಿತು. ಹತ್ತನೆಯ ವಯಸ್ಸಿಗೆ ಅವಳು ನೆದರ್ಲೆಂಡ್ಸಿಗೆ ಬಂದಳು.

ಇಲ್ಲಿ ಅವಳಿಗೆ ರಗ್ಬಿ ಹಿಡಿಯಿತು. ಮನೆಯಲ್ಲಿ ಎಲ್ಲರೂ ಬೇಡವೆಂದರು, ಹಲ್ಲು ಹೋದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅಜ್ಜಿ ಕಮಲವ್ವ ಫೋನಿನಲ್ಲಿ ಅತ್ತದ್ದೂ ಆಯಿತು. ಹುಡುಗಿ ಬಗ್ಗಲಿಲ್ಲ. ಕಾಗದದ ವಯಸ್ಸಿನಿಂದಾಗಿ ಯಾವಾಗಲೂ ತನಗಿಂತ ದೊಡ್ಡವರ ಜೊತೆ ಆಡಿ, ಬಿದ್ದು, ತುಳಿಸಿಕೊಂಡು, ಎದ್ದು ಕಲಿತಳು. ಹೋದ ವರ್ಷ ಹದಿನೆಂಟರೊಳಗಿನ ದೇಶದ ತಂಡಕ್ಕೆ ಆಯ್ಕೆ ನಡೆಯುವ ಹೊತ್ತಿಗೆ ಕೊರಳೆಲುಬು ಮುರಿದುಕೊಂಡಿದ್ದಳು. ಈ ವರ್ಷ ಕೋಚು ಅವಳೇ ಬೇಕು ಎಂದ. ಆದರೆ ನಿಯಮದ ಪ್ರಕಾರ ಎರಡು ಸಾವಿರದ ಏಳು ಅಥವಾ ಆಮೇಲೆ ಹುಟ್ಟಿದವರಿಗೆ ಮಾತ್ರ ಜಾಗ. ಶೀತಲ್ ನಿಜವಾಗಿ ಏಳರವಳು, ಪಾಸ್‌ಪೋರ್ಟಿನಲ್ಲಿ ಆರರವಳು.

ಎರಡು ತಿಂಗಳ ಹಿಂದೆ ಮಾಸ್ತರರು ಊರಿನಿಂದ ಇಲ್ಲಿಗೆ ಹೊರಡುವಾಗ ಗದಗಿನ ಆಸ್ಪತ್ರೆಯ ಜನನ ಚೀಟಿಯನ್ನು ಕಮಲವ್ವ ಟ್ರಂಕಿನಿಂದ ತೆಗೆದುಕೊಟ್ಟಿದ್ದಳು. ಅದರಲ್ಲಿ ತಾಯಿಯ ಹೆಸರಿದೆ, ಜನವರಿ ಹದಿನೆಂಟು ಇದೆ, ಮಗುವಿಗೆ ಇನ್ನೂ ಹೆಸರಿಡದ್ದರಿಂದ ಶೀತಲಳ ಹೆಸರಿಲ್ಲ. ಹೆಸರಿಲ್ಲದ ಚೀಟಿಯೊಂದನ್ನೇ ನಂಬಲಾಗದು, ಶಾಲೆಯಲ್ಲಿ ತಾರೀಖು ಬರೆದವರು ಬಂದು ಅದು ನಿಜವಾದ ತಾರೀಖಲ್ಲ ಎಂದು ಹೇಳಿ ಸಹಿ ಮಾಡಿದರೆ ಮೇಲಿನವರಿಗೆ ಕಳಿಸಬಹುದು ಎಂದಿತ್ತು ಕಚೇರಿ. ತಂಡದ ಪಟ್ಟಿ ಹೊರಡುವುದು ಇವತ್ತು ಸಂಜೆ ಐದಕ್ಕೆ.

ಬೆಳಿಗ್ಗೆ ಚಹಾ ಕುಡಿಯುವಾಗ ವಿರೂಪಾಕ್ಷ ಮತ್ತೊಮ್ಮೆ ಹೇಳಿದ್ದ. "ಅಪ್ಪಾ, ನಾ ವಕೀಲರನ್ನ ಕೇಳೀನಿ. ನಾವು ಇಲ್ಲಿ ಇರೂ ಪರ್ಮಿಟ್ಟಿಗೆ ಏನೂ ಧಕ್ಕಿ ಇಲ್ಲ. ನಿಮ್ಮ ಪೆನ್ಶನ್ನಿಗೂ ಇಲ್ಲ. ಇದ್ದದ್ದು ಇದ್ದಂಗ ಹೇಳ್ರಿ, ಸಾಕು."

"ಆತ ಬಿಡೋ. ನಾ ಏನು ಸಣ್ಣ ಹುಡುಗನ?" ಎಂದಿದ್ದರು ಮಾಸ್ತರರು.

ಈಗ ಶೀತಲ್ ಅವರನ್ನು ಗ್ಯಾಲರಿಯ ಕೆಳಗಿನ ದಾರಿಯಲ್ಲಿ ನಡೆಸಿಕೊಂಡು ಹೋದಳು. ಗೋಡೆಯ ತುಂಬ ತಂಡಗಳ ಫೋಟೋ. ಕಿತ್ತಳೆ ಬಣ್ಣದ ಅಂಗಿ, ಕೆಸರು ಮೆತ್ತಿದ ಮುಖಗಳು. ಇದು ಯಾವ ವರ್ಷದ್ದು, ಇವಳು ಈಗ ಹಲ್ಲಿನ ಡಾಕ್ಟರು, ಇವಳು ಮೂಗು ಮುರಿದುಕೊಂಡೂ ಆಟ ಮುಗಿಸಿದವಳು ಎಂದು ಅವಳು ಒಬ್ಬೊಬ್ಬರನ್ನೂ ನೆಂಟರ ಹಾಗೆ ಪರಿಚಯಿಸಿದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಉದ್ದನೆಯ ಮರದ ಬೆಂಚು, ಮೇಲೆ ಸಾಲಾಗಿ ಗೂಟ. ತನ್ನ ಅಂಗಿಯ ನಂಬರಾದ ಹದಿನೈದನೆಯ ಗೂಟದ ಕೆಳಗೆ ನಿಂತು ಅದನ್ನು ಮುಟ್ಟಿದಳು.

"ನಾ ಹಿಂದ ನಿಂದರಾಕಿ ಅಜ್ಜಾ. ಎಲ್ಲಾರನ್ನೂ ದಾಟಿ ಬಂದಾಕಿನ್ನ ನಾ ಒಬ್ಬಾಕೀನ ಹಿಡೀಬೇಕು. ನಾ ಬಿಟ್ರ ಮುಗೀತು."

ಆಮೇಲೆ ಮೈದಾನದ ಅಂಚಿಗೆ ಕರೆದುಕೊಂಡು ಬಂದಳು. ಶಿಫೋಲ್ ಕಡೆ ಇಳಿಯುವ ವಿಮಾನ ತಲೆಯ ಮೇಲೆ ಹಾದುಹೋಯಿತು. ಚೆಂಡನ್ನು ಕೈಯಿಂದ ಕೊಡುವುದಾದರೆ ಹಿಂದಕ್ಕೇ ಕೊಡಬೇಕು, ಮುಂದಕ್ಕೆ ಎಸೆದರೆ ತಪ್ಪು ಎಂದು ವಿವರಿಸಿದಳು. "ಇದ್ಯಾತರ ಆಟನ!" ಎಂದು ಮಾಸ್ತರರು ನಕ್ಕರು. ಅವಳೂ ನಕ್ಕಳು. ನಗುತ್ತ ನಗುತ್ತ ಅವರ ಕೈ ಹಿಡಿದುಕೊಂಡಳು. ಅವಳ ಅಂಗೈ ಒರಟಾಗಿತ್ತು, ಹೊಲದಲ್ಲಿ ದುಡಿದವರ ಕೈ ಹಾಗೆ. ಮಾಸ್ತರರಿಗೆ ಆ ಹುಡುಗಿಯ ಮೇಲೆ ಕರುಳು ಕಿತ್ತು ಬರುವಷ್ಟು ಪ್ರೀತಿ ಉಕ್ಕಿತು. ಆ ಕ್ಷಣದಲ್ಲಿ ಕಾಗದ ಕೊಟ್ಟಿದ್ದರೆ ಹತ್ತು ಸಹಿ ಹಾಕುತ್ತಿದ್ದರು, ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಏನು ಮಾಡುವುದು, ಕಾಗದವಿದ್ದದ್ದು ಮಹಡಿಯ ಮೇಲೆ.

ಕಚೇರಿಯಲ್ಲಿ ಮಾರೈಕೆ ಎಂಬ ನರೆಗೂದಲಿನ ಹೆಂಗಸು ಎದ್ದು ನಿಂತು ಕೈ ಕುಲುಕಿದಳು. ಕಾಫಿ ಕೊಟ್ಟಳು, ಜೊತೆಗೊಂದೇ ಒಂದು ಬಿಸ್ಕತ್ತು. ಅವಳು ಮಾತಾಡಿದ್ದು ಡಚ್ಚಿನಲ್ಲಿ. ಎದುರಿಗಿದ್ದ ಕಾಗದವೂ ಡಚ್ಚಿನದೇ. ನಡುವೆ ಕೂತ ಶೀತಲ್ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುವುದು ಎಂದಾಯಿತು.

ಮೊದಲಿಗೆ ಹೆಸರು, ಊರು, ಕೆಲಸ. ಮೂವತ್ತೊಂದು ವರ್ಷ ಮುಖ್ಯೋಪಾಧ್ಯಾಯ ಎಂದಾಗ ಮಾರೈಕೆ ಗೌರವದಿಂದ ತಲೆಯಾಡಿಸಿದಳು. ಮಾಸ್ತರರ ಬೆನ್ನು ತಾನಾಗಿ ನೆಟ್ಟಗಾಯಿತು. ಜಿಲ್ಲೆಯ ಉತ್ತಮ ಶಿಕ್ಷಕ ಪ್ರಶಸ್ತಿಯ ವಿಷಯವನ್ನೂ ಹೇಳು ಎಂದರು. ಶೀತಲ್ ಹೇಳಿದಳು. ದಾಖಲಾತಿ ಪುಸ್ತಕದಲ್ಲಿ ತಮ್ಮ ಕಾಲದಲ್ಲಿ ಒಂದು ಕಾಟು ಹೊಡೆದದ್ದಿಲ್ಲ, ಒಂದು ಅಂಕಿ ತಿದ್ದಿದ್ದಿಲ್ಲ ಎಂಬುದನ್ನೂ ಹೇಳು ಎಂದರು. ಶೀತಲ್ ಒಂದು ಗಳಿಗೆ ಅವರ ಮುಖ ನೋಡಿ, ಅದನ್ನೂ ಹೇಳಿದಳು.

ಮಾರೈಕೆ ಕಾಗದ ಮುಂದೆ ಸರಿಸಿ ಮೆಲ್ಲಗೆ ಏನೋ ಕೇಳಿದಳು. ಶೀತಲ್ ಅಜ್ಜನ ಕಡೆ ತಿರುಗಿದಳು.

"ಅಜ್ಜಾ, ಶಾಲಿಯೊಳಗ ಸುಳ್ಳು ತಾರೀಖು ಬರದವರು ನೀವ ಹೌದೇನು ಅಂತ ಕೇಳ್ತಾರ್ರಿ."

ಸುಳ್ಳು. ಆ ಒಂದು ಶಬ್ದ ಬಿದ್ದದ್ದೇ ಮಾಸ್ತರರ ಕಿವಿ ಬೆಚ್ಚಗಾಯಿತು. ಅಂದಾಜು ಅನ್ನಬಹುದಿತ್ತು. ರೂಢಿಯ ತಾರೀಖು ಅನ್ನಬಹುದಿತ್ತು. ಮಗ ಸೊಸೆ ಈ ಎರಡು ತಿಂಗಳಲ್ಲಿ ಒಮ್ಮೆಯೂ ಆ ಶಬ್ದ ಎತ್ತಿರಲಿಲ್ಲ. ಈ ಹುಡುಗಿಗೆ ಡಚ್ಚರ ಶಾಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದನ್ನು ಕಲಿಸಿದ್ದರು, ಅವಳು ಹೇಳಿದಳು. ಪರದೇಶದ ಹೆಂಗಸಿನ ಎದುರು, ತಾವೇ ಅಕ್ಷರ ತಿದ್ದಿಸಿದ ಮೊಮ್ಮಗಳ ಬಾಯಿಂದ, ಚನ್ನಮಲ್ಲಪ್ಪ ಮಾಸ್ತರ ಸುಳ್ಳು ಬರೆದವನು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಎಷ್ಟು ಮಕ್ಕಳಿಗೆ ಕಾಪಿ ಬರೆಸಿದ್ದರು ಅವರು.

"ಸುಳ್ಳು ಬರಿಯೋ ಮನಶಾ ಅಲ್ಲ ನಾನು," ಎಂದರು.

"ಅಜ್ಜಾ..."

"ಹೇಳು ಆಕಿಗೆ."

"ಅಜ್ಜಾ, ತಾರೀಖು ಯಾವುದು ಖರೆ, ಅಷ್ಟು ಹೇಳ್ರಿ. ನಾ ಹುಟ್ಟಿದ್ದು ಯಾವಾಗ?" ಅವಳ ದನಿ ಸಣ್ಣಗಾಗಿತ್ತು. "ನೀವ ಇದ್ರಿ ಆಸ್ಪತ್ರಿಯೊಳಗ. ಅವ್ವ ಹೇಳ್ಯಾಳ, ನನ್ನ ಮದಲ ಎತ್ತಿಕೊಂಡವರು ನೀವು."

ಹೌದು. ಅವತ್ತು ಬೆಳಿಗ್ಗೆ ಥಂಡಿಯಿತ್ತು. ಸಂಕ್ರಾಂತಿಯ ಎಳ್ಳು ಇನ್ನೂ ಜೇಬಿನಲ್ಲಿತ್ತು. ಮಾಸ್ತರರಿಗೆ ಎಲ್ಲ ನೆನಪಿತ್ತು. ನೆನಪಿದ್ದೂ ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಶಾಲಿ ದಾಖಲೆ ಏನೈತಿ ಅದ ಖರೆ. ಜೂನ್ ಒಂದು, ಎರಡು ಸಾವಿರದ ಆರು."

ಕೋಣೆಯಲ್ಲಿ ಕನ್ನಡ ಬರುವವರು ಇಬ್ಬರೇ. ಅಜ್ಜ ಜನವರಿ ಎಂದರು ಎಂದು ಅವಳು ಹೇಳಿದ್ದರೆ ಮಾರೈಕೆ ನಂಬುತ್ತಿದ್ದಳು, ಕಾಗದದಲ್ಲಿ ಅದನ್ನೇ ಬರೆಯುತ್ತಿದ್ದಳು, ಡಚ್ಚು ಓದಲು ಬಾರದ ಮಾಸ್ತರರು ಅದರ ಕೆಳಗೆ ಸಹಿ ಹಾಕುತ್ತಿದ್ದರು. ಇದು ಮಾಸ್ತರರಿಗೂ ಹೊಳೆಯಿತು. ಹೊಳೆದದ್ದಷ್ಟೇ ಅಲ್ಲ, ನಾಚಿಕೆ ಬಿಟ್ಟು ಹೇಳಬೇಕೆಂದರೆ, ಹಾಗೇ ಆಗಲಿ ಎಂದು ಅವರು ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದರು. ತಮ್ಮ ಮಾನವೂ ಉಳಿಯಲಿ, ಹುಡುಗಿಯ ಆಟವೂ ಉಳಿಯಲಿ, ಸುಳ್ಳು ಮಾತ್ರ ಅವಳ ಪಾಲಿಗಿರಲಿ.

ಶೀತಲ್ ಮಾರೈಕೆಯ ಕಡೆ ತಿರುಗಿ ಎರಡೇ ವಾಕ್ಯ ಹೇಳಿದಳು. ಮಾರೈಕೆಯ ಪೆನ್ನು ನಿಂತಿತು. ಅವಳು ಮತ್ತೊಮ್ಮೆ ಏನೋ ಕೇಳಿದಳು, ಶೀತಲ್ ಹೌದೆಂದು ತಲೆಯಾಡಿಸಿದಳು. ಆಗ ಅವಳು ಕಾಗದದ ಮೇಲೆ ಬರೆದ ಅಂಕಿಗಳನ್ನು ಮಾಸ್ತರರು ತಲೆಕೆಳಗಾಗಿಯೇ ಓದಿಕೊಂಡರು. ಒಂದು, ಆರು, ಎರಡು ಸಾವಿರದ ಆರು. ಹುಡುಗಿ ಒಂದಕ್ಷರ ಬದಲಿಸಿರಲಿಲ್ಲ.

ಹೊರಗೆ ಬಂದಾಗ ಮೈದಾನದಲ್ಲಿ ಅವಳ ವಾರಿಗೆಯ ಹುಡುಗಿಯರು ಓಡುತ್ತಿದ್ದರು. ಒಬ್ಬಳು ದೂರದಿಂದ ಏನಾಯಿತು ಎಂದು ಕೈ ತಿರುವಿ ಕೇಳಿದಳು. ಶೀತಲ್ ತಲೆ ಅಲ್ಲಾಡಿಸಿ, ಅಜ್ಜನ ನಡಿಗೆಗೆ ಸರಿಯಾಗಿ ನಿಧಾನಕ್ಕೆ ನಡೆದಳು. ಬಯ್ಯಲಿಲ್ಲ, ಅಳಲೂ ಇಲ್ಲ. ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳು. ಬೈದಿದ್ದರೆ ಮಾಸ್ತರರಿಗೆ ಉತ್ತರ ಸಿದ್ಧವಿತ್ತು. ದಾಖಲೆ, ನಿಯಮ, ಹಿರಿಯರಿಗೆ ಮಾತಾಡುವ ರೀತಿ ಎಲ್ಲವನ್ನೂ ಜೋಡಿಸಿಟ್ಟುಕೊಂಡಿದ್ದರು.

ಮನೆಯಲ್ಲಿ ಸೌಜನ್ಯಾ ರೊಟ್ಟಿ ಬಡಿಯುತ್ತಿದ್ದಳು. ವಿರೂಪಾಕ್ಷ ಆಫೀಸಿನಿಂದ ಬೇಗ ಬಂದು ಬಾಗಿಲಲ್ಲೇ ನಿಂತಿದ್ದ. ಪಟ್ಟಿ ಆಗಲೇ ಅವನ ಫೋನಿಗೆ ಬಂದಿತ್ತು.

"ಹೆಸರಿಲ್ಲಲ್ಲ! ಏನಾತ?"

ಮಾಸ್ತರರು ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಅವರ ಬೋಳುತಲೆಯನ್ನು ಶೀತಲ್ ನೋಡಿದಳು.

"ಒಪ್ಪಲಿಲ್ಲ ಅಪ್ಪಾ," ಎಂದಳು. "ಪಾಸ್‌ಪೋರ್ಟೇ ಫೈನಲ್ ಅಂದ್ರು."

"ಅಜ್ಜ ಹೇಳಿದ ಮ್ಯಾಲೂ?"

"ಅಜ್ಜ ಎಲ್ಲಾ ಹೇಳಿದ್ರು. ತಪ್ಪು ನಂದ ಅಂತ ಹೇಳಿ ಸಹಿನೂ ಹಾಕಿದ್ರು."

ಎಂಟು ವರ್ಷದಿಂದ ಈ ಮನೆಯಲ್ಲಿ ಅವಳ ಬಾಯಲ್ಲಿ ಸುಳ್ಳು ಬಂದದ್ದನ್ನು ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ಅನುಮಾನ ಪಡಲಿಲ್ಲ. ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ವಿರೂಪಾಕ್ಷ ಅಪ್ಪನನ್ನು ತೋಳು ಹಿಡಿದು ಎಬ್ಬಿಸಿದ. ಅವನ ಕಣ್ಣು ತುಂಬಿತ್ತು.

"ಅಪ್ಪಾ, ಈ ವಯಸ್ಸಿನ್ಯಾಗ, ಪರದೇಶದ ಮಂದಿ ಮುಂದ ತಪ್ಪು ಒಪ್ಪಿಕೊಳ್ಳೂದು ಅಂದ್ರ ಸಣ್ಣ ಮಾತಲ್ರಿ. ನೀವು ದೊಡ್ಡವರು."

ಸೌಜನ್ಯಾ ಹಿಟ್ಟಿನ ಕೈಯಲ್ಲೇ ಬಂದು ಮಾವನ ಕಾಲು ಮುಟ್ಟಿದಳು. ಚನ್ನಮಲ್ಲಪ್ಪ ಮಾಸ್ತರರು ಅವಳಿಗೆ ಆಶೀರ್ವಾದ ಮಾಡಿದರು.