ಹನ್ನೊಂದನೇ ನಂಬರಿನ ತೋಟ

ಚಾಮರಾಜಪೇಟೆಯ ಒಂದು ಕಾಗದದ ಗೋದಾಮಿನ ಮೇಲೆ ಚಂದ್ರಶೇಖರಯ್ಯನವರ ಹಣ್ಣು ರಫ್ತು ಕಂಪನಿಯ ಆಫೀಸಿತ್ತು. ೨೦೦೫ರ ಫೆಬ್ರವರಿ ಮೊದಲ ವಾರ, ಯುರೋಪಿನ ಪ್ರಮಾಣಪತ್ರದ ತಪಾಸಣೆಗೆ ಇನ್ನು ಮೂರು ದಿನವಿರುವಾಗ, ದ್ರೌಪದಮ್ಮನನ್ನು ಅಲ್ಲಿಗೆ ಕರೆಸಿದರು.

ದ್ರೌಪದಮ್ಮ ಶ್ರೀರಾಂಪುರದವಳು. ಗಂಡ ಮುನಿಗಂಗಪ್ಪ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ನೋಡಿಕೊಳ್ಳುತ್ತಿದ್ದ. ರಾಜಾನುಕುಂಟೆಯ ಆಚೆಗಿದ್ದ ಮೂರು ಎಕರೆ ದ್ರಾಕ್ಷಿ ತೋಟ ಇವಳ ಪಾಲಿಗಿತ್ತು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಅಂಥ ಹತ್ತೊಂಬತ್ತು ತೋಟಗಳನ್ನು ಒಂದು ಗುಂಪು ಮಾಡಿ ಚಂದ್ರಶೇಖರಯ್ಯ ತಮ್ಮ ಕಂಪನಿಯ ಹೆಸರಿನಲ್ಲಿ ಪ್ರಮಾಣಪತ್ರ ಪಡೆದಿದ್ದರು. ಅದಿಲ್ಲದಿದ್ದರೆ ಹೊರದೇಶದ ದೊಡ್ಡ ಅಂಗಡಿಗಳು ಹಣ್ಣು ಮುಟ್ಟುತ್ತಿರಲಿಲ್ಲ. ಯಾವ ದಿನ ಯಾವ ಔಷಧಿ ಎಷ್ಟು ಹೊಡೆದರು, ನೀರು ಎಲ್ಲಿಯದು, ಕೊಯ್ಯುವವರು ಕೈ ತೊಳೆಯುವುದೆಲ್ಲಿ, ಎಲ್ಲವನ್ನೂ ಪ್ರತಿ ತೋಟದವರು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕಿತ್ತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ದ್ರೌಪದಮ್ಮ ಮೊದಮೊದಲು ಆ ರಿಜಿಸ್ಟರಿಗೆ ಹಿಡಿಶಾಪ ಹಾಕಿದಳು. ಬರೆಯುತ್ತ ಬರೆಯುತ್ತ ಅದರ ಮೇಲೆ ಮಮತೆ ಹುಟ್ಟಿತು. ಎಂಟು ತಿಂಗಳು ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತು ಆಯಾ ದಿನದ್ದನ್ನು ಆಯಾ ದಿನವೇ ಬರೆದಿದ್ದಳು. ಕೂಲಿಯವರಿಗೆಂದು ತೋಟದ ಮೂಲೆಯಲ್ಲಿ ಕಕ್ಕಸು ಕಟ್ಟಿಸಿದಾಗ ಪಕ್ಕದ ತೋಟದ ಮರಿಯಣ್ಣ ನಕ್ಕಿದ್ದ.

ಚಂದ್ರಶೇಖರಯ್ಯನವರ ಮಗ ಈಶ್ವರ್ ಅವಳು ತಂದಿದ್ದ ರಿಜಿಸ್ಟರ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ.

“ಜನವರಿ ಹತ್ತು. ಇದನ್ನ ಯಾಕ್ ಬರೆದ್ರಿ?”

“ಹೊಡೆದಿದ್ದಕ್ಕೆ ಬರೆದೆ. ಬೂದಿರೋಗ ಬಂದಿದೆ ಅಂತ ನೀವೇ ತಾನೆ ಆ ಔಷಧಿ ವ್ಯಾನಲ್ಲಿ ತಂದ್ಕೊಟ್ಟಿದ್ದು?”

“ಅದು ಹೊಡೆದ್ರೆ ನಲವತ್ತು ದಿನ ಹಣ್ಣು ಕೊಯ್ಯಂಗಿಲ್ಲ. ನಮ್ಮ ಕೊಯ್ಲು ಇರೋದು ಹದಿನಾಲ್ಕನೇ ತಾರೀಕು.”

“ಕೊಡೋವಾಗ ಹೇಳ್ಲಿಲ್ವಲ್ಲ.”

ಕೊಡುವಾಗ ಈಶ್ವರನಿಗೂ ಅದು ಗೊತ್ತಿರಲಿಲ್ಲ. ಅವನು ಹೊಸದೊಂದು ರಿಜಿಸ್ಟರನ್ನು ಅವಳ ಮುಂದೆ ತಳ್ಳಿದ. ಅವಳ ತೋಟದ ಎಂಟು ತಿಂಗಳ ವಿವರ ಒಂದೇ ನೀಲಿ ಶಾಯಿಯಲ್ಲಿ, ಬೇರೆ ಯಾರದೋ ಅಕ್ಷರದಲ್ಲಿತ್ತು. ಜನವರಿ ಹತ್ತರ ಎದುರು ಏನೂ ಇರಲಿಲ್ಲ.

“ಉಳಿದ ಹದಿನೆಂಟು ಜನ ಸೈನ್ ಹಾಕಾಯ್ತು. ನೀವೊಬ್ರೇ ಬಾಕಿ.”

“ಹಣ್ಣಿನ ಪೆಟ್ಟಿಗೆ ಮೇಲೆ ಯಾರ ನಂಬರ್ ಇರುತ್ತಪ್ಪಾ?”

“ತೋಟದ್ದು. ನಿಮ್ದು ಹನ್ನೊಂದು.”

“ಅಲ್ಲಿ ಪರೀಕ್ಷೆ ಮಾಡಿ ವಿಷ ಇದೆ ಅಂದ್ರೆ ಕಳ್ಳಿ ಆಗೋಳು ಹನ್ನೊಂದನೇ ನಂಬರಿನೋಳು. ಸರ್ಟಿಫಿಕೇಟ್ ಮೇಲೆ ಮಾತ್ರ ನಿಮ್ಮ ಹೆಸರು. ನಾನು ಸೈನ್ ಹಾಕಲ್ಲ.”

ಪಕ್ಕದ ಕುರ್ಚಿಯಲ್ಲಿದ್ದ ಚಂದ್ರಶೇಖರಯ್ಯ ಕನ್ನಡಕ ತೆಗೆದಿಟ್ಟರು. “ನೋಡಿ ದ್ರೌಪದಮ್ಮ, ಈ ಗುಂಪಿಂದ ಆಚೆ ಹೋದ್ರೆ ನಿಮ್ಮ ಹಣ್ಣನ್ನ ತಳ್ಳೋ ಗಾಡಿ ಮೇಲೆ ಮಾರ್ಬೇಕಾಗುತ್ತೆ.”

“ಮಾರ್ತೀನಿ ಯಜಮಾನ್ರೇ. ನಮ್ಮತ್ತೆ ಮಾರಿದ್ದೂ ಗಾಡಿ ಮೇಲೇನೆ. ನನ್ನ ಪುಸ್ತಕ ಕೊಡಿ.”

ಈಶ್ವರ್ ಅದನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ.

ಮನೆಯಲ್ಲಿ ಮುನಿಗಂಗಪ್ಪ, “ಎಲ್ರೂ ಹಾಕಿದಾರೆ ಅಂದ್ಮೇಲೆ ನಿಂದೇನು?” ಎಂದ.

ತಪಾಸಣೆಯ ದಿನ ಅವಳಿಗೆ ಕರೆ ಬರಲಿಲ್ಲ. ಆದರೂ ಕಾಲೇಜು ಓದುತ್ತಿದ್ದ ಮಗಳು ರಮ್ಯಶ್ರೀಯನ್ನು ಕರೆದುಕೊಂಡು ಹೋದಳು. ಇವರು ಮೆಟ್ಟಿಲು ಹತ್ತುವಾಗ ತಪಾಸಣೆಗೆ ಬಂದಿದ್ದ ಶ್ರೀನಿವಾಸಯ್ಯ ಎಂಬ ಅಧಿಕಾರಿ ತಾವೇ ಆರಿಸಿದ ಐದು ನಂಬರುಗಳನ್ನು ಓದುತ್ತಿದ್ದರು. ಕೊನೆಯದು ಹನ್ನೊಂದು.

“ಆಯಮ್ಮಂಗೆ ಹುಷಾರಿಲ್ಲ ಸಾರ್. ರಿಜಿಸ್ಟರ್ ಇದೆ, ನೋಡಿ,” ಎಂದ ಈಶ್ವರ್.

“ಬಂದಿದೀನಿ ಸಾರ್,” ಎಂದಳು ದ್ರೌಪದಮ್ಮ ಬಾಗಿಲಲ್ಲಿ ನಿಂತು.

ಶ್ರೀನಿವಾಸಯ್ಯ ಹೊಸ ರಿಜಿಸ್ಟರನ್ನು ಅವಳತ್ತ ತಿರುಗಿಸಿದರು. ಪುಟಪುಟದ ಕೆಳಗೂ ದ್ರೌಪದಮ್ಮ ಎಂದು ಸೊಗಸಾಗಿ ಬರೆದಿತ್ತು. “ಇದು ನಿಮ್ಮ ಸೈನ್ ತಾನೆ?”

“ಅಲ್ಲ ಸಾರ್. ನಂಗೆ ಇಷ್ಟು ಚೆನ್ನಾಗಿ ಬರೆಯಕ್ಕೆ ಬರಲ್ಲ. ನನ್ನ ಪುಸ್ತಕ ಆ ಡ್ರಾಯರಲ್ಲಿದೆ.”

ಗುಂಪಿನ ಉಳಿದ ಬೆಳೆಗಾರರು ಗೋಡೆಯುದ್ದಕ್ಕೂ ಕೂತಿದ್ದರು. ಡ್ರಾಯರಿನ ಬೀಗದ ಕೈ ಎಲ್ಲೋ ಇಟ್ಟಿದ್ದೇನೆ ಎಂದು ಈಶ್ವರ್ ಜೇಬು ತಡಕಿದ. ಕಾಯುತ್ತೇನೆ ಎಂದರು ಶ್ರೀನಿವಾಸಯ್ಯ. ಹತ್ತು ನಿಮಿಷದ ಮೇಲೆ ಚಂದ್ರಶೇಖರಯ್ಯನವರೇ, “ತೆಗ್ದು ಕೊಡೋ,” ಎಂದರು.

ಜನವರಿ ಹತ್ತರ ಸಾಲನ್ನು ಓದಿದ ಶ್ರೀನಿವಾಸಯ್ಯ, “ಈ ಔಷಧಿ ಇನ್ನು ಯಾರ್ ಯಾರ್ ತೋಟಕ್ಕೆ ಬಂತು?” ಎಂದು ಕೇಳಿದರು.

“ನಮಗೆ ಬಂದಿಲ್ಲ,” ಎಂದ ಮರಿಯಣ್ಣ, ದ್ರೌಪದಮ್ಮನನ್ನೇ ದಿಟ್ಟಿಸುತ್ತ. ಅದೇ ಔಷಧಿಯನ್ನು ಅವನ ತೋಟಕ್ಕೆ ಹೊಡೆಯಲು ಅವತ್ತು ತನ್ನ ಡ್ರಮ್ಮು ಕೊಟ್ಟವಳೇ ಅವಳು. ಅದನ್ನು ಅವಳು ಹೇಳಲಿಲ್ಲ. ಉಳಿದವರೂ ಇಲ್ಲ ಎಂದರು. ಹಾಗಾದರೆ ಎಲ್ಲ ತೋಟಗಳ ಹಣ್ಣನ್ನೂ ಪರೀಕ್ಷೆಗೆ ಕಳಿಸುವುದಾಗಿ ಬರೆದುಕೊಂಡು ಅಧಿಕಾರಿ ಎದ್ದರು.

ಅವರು ಹೋದ ಮೇಲೆ ಚಂದ್ರಶೇಖರಯ್ಯನವರ ಬಾಯಲ್ಲಿ ಬಹುವಚನ ಉಳಿಯಲಿಲ್ಲ. “ಇನ್ನು ಈ ಮೆಟ್ಟಿಲು ಹತ್ಬೇಡ ನೀನು.” ಕೆಳಗೆ ರಸ್ತೆಯಲ್ಲಿ ಮರಿಯಣ್ಣ ಅವಳಿಗೆ ಅಡ್ಡ ನಿಂತ. “ಹದಿನೆಂಟು ಮನೆ ಹಾಳು ಮಾಡ್ಬಿಟ್ಟೆ ದ್ರೌಪದಕ್ಕಾ. ನೋಡ್ಕೊಂತೀನಿ.” ರಮ್ಯಶ್ರೀ ಅಮ್ಮನ ಕೈ ಹಿಡಿದು ಬಸ್‌ಸ್ಟಾಪಿನವರೆಗೆ ಬಿಡದೆ ನಡೆದಳು.

ಹದಿನೈದು ತೋಟಗಳ ಹಣ್ಣಿನಲ್ಲಿ ವಿಷದ ಅಂಶ ಮಿತಿಗಿಂತ ಹೆಚ್ಚಿತ್ತು. ಪ್ರಮಾಣಪತ್ರವನ್ನು ತಡೆಹಿಡಿದರು. ದ್ರೌಪದಮ್ಮ ನಲವತ್ತು ದಿನ ತುಂಬಲೆಂದು ಕಾದು ಕೊಯ್ದಳು. ಅಷ್ಟು ಹೊತ್ತಿಗೆ ಊರ ಮಾರ್ಕೆಟ್ಟಿನಲ್ಲೆಲ್ಲ ದ್ರಾಕ್ಷಿಯೇ ದ್ರಾಕ್ಷಿಯಾಗಿ ಬೆಲೆ ಬಿದ್ದಿತ್ತು. ತೋಟಕ್ಕೆ ಹೋಗುವ ಗಾಡಿದಾರಿ ಮರಿಯಣ್ಣನ ಜಮೀನಿನಲ್ಲಿತ್ತು. ಅವನು ಅದಕ್ಕೆ ಅಡ್ಡಲಾಗಿ ಕಲ್ಲುಚಪ್ಪಡಿ ನೆಟ್ಟ. ಕ್ರೇಟುಗಳನ್ನು ಕೆರೆಯ ಏರಿ ಬಳಸಿ ತಲೆಯ ಮೇಲೆ ಹೊರಬೇಕಾಯಿತು. ಏರಿಯ ಮೇಲೆ ಒಂದು ದಿನ ಮರಿಯಣ್ಣನ ಹೆಂಡತಿ ಎದುರಾದಳು. ಬೈದಿದ್ದರೆ ದ್ರೌಪದಮ್ಮ ತಿರುಗಿ ಬೈಯುತ್ತಿದ್ದಳು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು ಹೋದಳು. ಅವತ್ತು ದ್ರೌಪದಮ್ಮನಿಗೆ ಊಟ ಸೇರಲಿಲ್ಲ.

ಆ ವರ್ಷವೇ ರಮ್ಯಶ್ರೀ ಪ್ರಮಾಣಪತ್ರದ ನಿಯಮದ ಪುಸ್ತಕವನ್ನು ತಿರುವಿ ಹಾಕಿ, ಒಬ್ಬ ರೈತ ತನ್ನ ಹೆಸರಿನಲ್ಲೇ ಪ್ರಮಾಣಪತ್ರ ಪಡೆಯಬಹುದು ಎಂಬುದನ್ನು ಓದಿ ಹೇಳಿದಳು. ದ್ರೌಪದಮ್ಮ ಅರ್ಜಿ ಹಾಕಿದಳು. ಡಿಸೆಂಬರಿನಲ್ಲಿ ತೋಟಕ್ಕೆ ಬಂದವರು ಅದೇ ಶ್ರೀನಿವಾಸಯ್ಯ. ಕಾಫಿ ಬೇಡವೆಂದರು. ಎಲ್ಲ ನೋಡಿ, ಔಷಧಿ ಕೋಣೆಯ ಬಾಗಿಲಲ್ಲಿ ನಿಂತರು.

“ಔಷಧಿ ಚೆಲ್ಲಿದ್ರೆ ಮೇಲೆ ಹಾಕೋಕೆ ಮರಳಿನ ಬಕೆಟ್ ಇಲ್ಲ. ಇದು ಆಗೋವರ್ಗೂ ಕೊಡಕ್ಕಾಗಲ್ಲಮ್ಮ.”

ಹತ್ತು ತಿಂಗಳಿಂದ ನುಂಗಿಕೊಂಡಿದ್ದೆಲ್ಲ ಅವಳ ಬಾಯಿಗೆ ಬಂತು. “ನಿಮ್ಮ ಮುಂದೆ ನಿಜ ಹೇಳಿ ಊರೆಲ್ಲಾ ವೈರಿ ಮಾಡ್ಕೊಂಡಿದೀನಿ. ಬಕೆಟ್ ಮರಳಿಗೆ ನಿಲ್ಲಿಸ್ತೀರಾ?”

“ನಿಲ್ಲಿಸ್ತೀನಿ. ಅವತ್ತು ಅವ್ರಿಗೆ ಬಿಡ್ಲಿಲ್ಲ, ಇವತ್ತು ನಿಮಗೆ ಬಿಟ್ರೆ ಹೇಗಾಗುತ್ತೆ? ಇಪ್ಪತ್ತೆಂಟು ದಿನ ಟೈಮಿದೆ.”

ಅವರ ಜೀಪು ಕಣ್ಮರೆಯಾಗುವವರೆಗೂ ಬೈಯುತ್ತಲೇ ಇದ್ದಳು. ಮಾರನೆಯ ದಿನ ಮರಳು ತುಂಬಿಸಿಟ್ಟಳು. ಜನವರಿಯಲ್ಲಿ ಪ್ರಮಾಣಪತ್ರ ಬಂತು, ಇಂಗ್ಲಿಷಿನಲ್ಲಿ ಅವಳ ಪೂರ್ತಿ ಹೆಸರು ಹೊತ್ತು. ಮುನಿಗಂಗಪ್ಪ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಫೆಬ್ರವರಿಯಲ್ಲಿ ಹಣ್ಣು ಬೇರೊಬ್ಬ ರಫ್ತುದಾರನ ಮೂಲಕ ಹಡಗು ಹತ್ತಿತು.

ಯುಗಾದಿಯ ಹಿಂದಿನ ದಿನ, ಮಾರ್ಕೆಟ್ಟಿನಲ್ಲಿ ಮಾವಿನೆಲೆ ಬೇವಿನೆಲೆಯ ಗಲಾಟೆಯ ನಡುವೆ, ಮರಿಯಣ್ಣ ಅಂಗಡಿಯ ಮುಂದೆ ಬಂದು ನಿಂತ. ದ್ರೌಪದಮ್ಮನ ಕಡೆ ನೋಡದೆ ಅವಳ ಪಕ್ಕದಲ್ಲಿದ್ದ ರಮ್ಯಶ್ರೀಯತ್ತ ತಿರುಗಿದ.

“ರಮ್ಯಾ, ಆ ಸರ್ಟಿಫಿಕೇಟ್ ಅರ್ಜಿ ಎಲ್ಲಿ ಸಿಗುತ್ತೆ ಅಂತ ನಿಮ್ಮಮ್ಮನ್ನ ಕೇಳಮ್ಮಾ.”

ದ್ರೌಪದಮ್ಮ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದಳು: “ಮೊದ್ಲು ದಾರೀಲಿರೋ ಚಪ್ಪಡಿ ಕೀಳಕ್ಕೆ ಹೇಳಮ್ಮಾ ಅವ್ನಿಗೆ. ಆಮೇಲೆ ವಿಳಾಸ ಬರ್ಕೊಡು.”

ಮರಿಯಣ್ಣ ಹೊರಟುಹೋದ. ಹಬ್ಬ ಕಳೆದು ಅವಳು ತೋಟಕ್ಕೆ ಹೋದಾಗ ಚಪ್ಪಡಿ ಒಂದು ಕಡೆ ಬಿದ್ದಿತ್ತು. ಬೇಲಿಯಾಚೆ ಗಿಡ ಕಟ್ಟುತ್ತಿದ್ದ ಮರಿಯಣ್ಣ ಇವಳನ್ನು ಕಂಡು ಬೆನ್ನು ತಿರುಗಿಸಿದ. ಸಂಜೆ ಮನೆಗೆ ಬಂದು ರಮ್ಯಶ್ರೀಗೆ, “ವಿಳಾಸ ಬರ್ಕೊಡು,” ಎಂದಷ್ಟೇ ಹೇಳಿದಳು.