ನಂಬದವನು ಹೊಯ್ದ ನೀರು

ಶಿವನಸಮುದ್ರದ ಕರೆಂಟು ಕಾರ್ಖಾನೆಯ ಮನೆಗಳಲ್ಲಿ ಹೆರಿಗೆ ಎಂದರೆ ನನ್ನನ್ನೇ ಕರೆಯುತ್ತಿದ್ದರು. ಸೂಲಗಿತ್ತಿ ದೇವಿರಮ್ಮನ ಕೈಗುಣ ಒಳ್ಳೆಯದು, ಬಾಯಿ ಮಾತ್ರ ಕೆಟ್ಟದ್ದು ಅನ್ನುತ್ತಿದ್ದರು. ಎರಡೂ ನಿಜ.

ಅಲ್ಲಿ ಮಿಶಿನ್ನು ನೋಡಿಕೊಳ್ಳುತ್ತಿದ್ದ ಚೌರಪ್ಪ ಕ್ರೈಸ್ತರವನು. ದಂಡಿಗೆ ಸೇರಿ ಬರ್ಮಾಕ್ಕೆ ಹೋಗಿ, ಹೆಣ ಹೊತ್ತು ಹೊತ್ತು, ನಲವತ್ತೈದನೇ ಇಸವಿಯಲ್ಲಿ ದೇವರನ್ನು ಅಲ್ಲೇ ಬಿಟ್ಟು ಬಂದಿದ್ದ. ಏನು ಕೇಳಿದರೂ, "ಮ್ಯಾಲೂ ಏನಿಲ್ಲ, ಕೆಳಗೂ ಏನಿಲ್ಲ, ನಡುವೆ ನಾವೂ ಏನಲ್ಲ ಕಣಕ್ಕ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಏನೂ ಇಲ್ಲದ ಮೇಲೆ ಸಾರಿಗೆ ಉಪ್ಪು ಕಮ್ಮಿಯಾದರೆ ಇವನಿಗೇಕೆ ಸಿಟ್ಟು ಬರಬೇಕು?

ಮರುವರ್ಷ ಅವನ ಹೆಂಡತಿ ಜಪಮಾಲಮ್ಮನಿಗೆ ಏಳು ತಿಂಗಳಿಗೇ ನೋವು ಬಂತು. ಬೆಳಿಗ್ಗೆ ಗಂಡುಮಗು ಹುಟ್ಟಿತು. ಎರಡು ಅಂಗೈ ತುಂಬದಷ್ಟು ಜೀವ. ಮಧ್ಯಾಹ್ನ ದಾಟುವುದಿಲ್ಲವೆಂದು ನನಗೆ ಗೊತ್ತಾಯಿತು. ನನ್ನ ಮುಖ ನೋಡಿ ಅವಳಿಗೂ ಗೊತ್ತಾಯಿತು.

"ದೇವಿರಕ್ಕ, ತಲೆ ಮ್ಯಾಲೆ ನೀರುಯ್ದು ಜ್ಞಾನಸ್ನಾನ ಕೊಟ್ಬುಡಿ. ಇಲ್ದಿದ್ರೆ ನನ್ನ ಕಂದನ್ನ ನಮ್ಮೋರ ಜೊತೆ ಮಣ್ಣು ಮಾಡಕಿಲ್ಲ. ಬೇಲಿ ಆಚೆ ಊಳ್ತಾರೆ."

ಅವರ ಪಾದ್ರಿ ಸ್ವಾಮಿಗಳಿದ್ದದ್ದು ಮಂಡ್ಯದಲ್ಲಿ. ಆಳು ಕಳಿಸಿದ್ದೆವು, ಆದರೂ ಅವರು ಸಂಜೆಯ ಬಸ್ಸಿಗೇ ಬರಬೇಕು.

"ನಾನಾ? ಅಯ್ಯೋ ನಮ್ಮವ್ವ! ಪಟ್ಟಲದಮ್ಮನ ಗುಡಿಗೆ ತಂಬಿಟ್ಟಿನಾರತಿ ಒರೋಳು ನಾನು!"

"ಜೀವ ಓಗೋ ಒತ್ನಲ್ಲಿ ಯಾರು ಬೇಕಾದ್ರೂ ಕೊಡ್ಬೌದು ಅಕ್ಕ. ನಂಬ್ದೋರು ಕೊಟ್ರೂ ಆಯ್ತದೆ. ಕೊಡೋ ಮನಸಿರ್ಬೇಕು ಅಷ್ಟೆ."

ಇದೊಳ್ಳೆ ಸೋಜಿಗ! ಬೇಲಿ ಹಾಕುವುದಕ್ಕೆ ಅಷ್ಟು ಬಿಗಿ, ಬಾಗಿಲು ತೆರೆಯುವುದಕ್ಕೆ ಇಷ್ಟು ಸಡಿಲ. ಕೇಳಬೇಕೆಂದು ಬಾಯಿ ತುರಿಸಿತು, ಆದರೆ ಹೊತ್ತಿರಲಿಲ್ಲ. ನನ್ನ ಒಂದು ಕೈ ಮಗುವಿನ ತಲೆಯಡಿ, ಇನ್ನೊಂದು ಬೆನ್ನು ಉಜ್ಜುತ್ತಿತ್ತು. ಉಜ್ಜುವುದು ನಿಲ್ಲಿಸಿದರೆ ಉಸಿರೂ ನಿಲ್ಲುತ್ತಿತ್ತು. ಹೊಸ್ತಿಲಲ್ಲಿ ನಿಂತಿದ್ದ ಚೌರಪ್ಪನನ್ನು ಕೂಗಿದೆ.

ಚೊಂಬಿನಲ್ಲಿ ನೀರು ತಂದವನು ಹೊಯ್ಯಲಿಲ್ಲ. "ನಾ ನಂಬಕಿಲ್ಲ ಅಕ್ಕ. ಸಾಯೋ ಮಗಿನ ತಲೆ ಮ್ಯಾಲೆ ಸುಳ್ಳು ಏಳಾದಾ?"

ಅಷ್ಟು ದಿನದ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆದರೆ ಬಾಯಿ ಇಳಿಯಲಿಲ್ಲ.

"ನಿನ್ನ ನಂಬ್ಕೆ ಯಾರ್ಲಾ ಕೇಳ್ದೋರು? ಅವ್ಳು ಕೇಳ್ತಾವ್ಳೆ, ಉಯ್ಯಿ!"

ಅವನು ಮಂಡಿಯೂರಿದ. ಕಣ್ಣು ಬಿಗಿಯಾಗಿ ಮುಚ್ಚಿ ನೀರು ಹೊಯ್ದ. ಹೆಂಡತಿ ಹೇಳಿಕೊಟ್ಟ ಹಾಗೆ ಮಗುವಿಗೆ ಹೆಸರಿಟ್ಟು, "ರಾಯಪ್ಪ, ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದ. ಅರ್ಧ ಗಂಟೆಯಲ್ಲಿ ಮಗು ಹೋಯಿತು.

ಸಂಜೆ ಬಂದ ಸ್ವಾಮಿಗಳು ನಡೆದದ್ದನ್ನೆಲ್ಲ ಕೇಳಿಕೊಂಡು, "ನೀರು ತಲೆಯ ಮೇಲೆ ಹರಿಯಿತೆ? ನೋಡಿದವರು ಯಾರು?" ಎಂದು ಕೇಳಿದರು.

"ನಾನು. ತಲೆ ಮ್ಯಾಲಿಂದ ಇಳ್ದು ನನ್ನ ಅಂಗೈ ತುಂಬ್ತು ಬುದ್ಧಿ" ಅಂದೆ. ಅವರು ನನ್ನ ಹಣೆಯ ಕುಂಕುಮ ನೋಡಿಯೂ ಒಪ್ಪಿ ತಲೆಯಾಡಿಸಿದರು. ಜಪಮಾಲಮ್ಮ ಸಮಾಧಾನದ ಉಸಿರು ಬಿಟ್ಟಳು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಈ ಪುಣ್ಯಾತ್ಮ ಚೌರಪ್ಪನ ಬಾಯಿ ಸುಮ್ಮನಿರಬೇಕಲ್ಲ!

"ನಾ ನಂಬ್ದೇನೆ ಏಳ್ದೆ ಸ್ವಾಮಿ. ಮುಚ್ಚಿಡಕಿಲ್ಲ."

ಅವನ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು ನನಗೆ. ಜಪಮಾಲಮ್ಮ ಮಗುವನ್ನು ಎದೆಗೆ ಅವಚಿಕೊಂಡಳು.

ಸ್ವಾಮಿಗಳು ಬೈಯಲಿಲ್ಲ. "ನಂಬಿದೆಯಾ ಅಂತ ನಾನು ಕೇಳಲಿಲ್ಲ ಚೌರಪ್ಪ. ಅವಳು ಬೇಡಿದ್ದು ಮಗುವಿಗೆ ಸಿಗಲಿ ಅಂತ ನಿನ್ನ ಮನಸ್ಸಿನಲ್ಲಿತ್ತೋ ಇಲ್ಲವೋ, ಅದನ್ನು ಹೇಳು."

ಅವನು ಹೆಂಡತಿಯ ಎದೆಯಲ್ಲಿದ್ದ ಮಗುವನ್ನು ನೋಡಿದ.

"ಇತ್ತು" ಅಂದ. "ಏನೂ ಇಲ್ಲ ಅಂತ ಗೊತ್ತಿದ್ರೂವೆ... ಇರ್ಲಿ ಅನ್ನುಸ್ತು ಸ್ವಾಮಿ. ಇವ್ನಿಗಾದ್ರೂ ಇರ್ಲಿ ಅನ್ನುಸ್ತು."

ಆಮೇಲೆ ಕುಕ್ಕರಿಸಿ, ಗೋಡೆಗೆ ಹಣೆ ಕೊಟ್ಟು ಗೊಳೋ ಎಂದು ಅತ್ತ. ಸ್ವಾಮಿಗಳು ಅವನ ಅಳು ಮುಗಿಯುವವರೆಗೂ ಕಾದು, ರಟ್ಟೆ ಹಿಡಿದು ಎಬ್ಬಿಸಿದರು.

"ಏಳಪ್ಪ. ಬೇಲಿಯ ಒಳಗೆ ಗುಂಡಿ ತೋಡಬೇಕು" ಅಂದರು.